ಶೇ 5ರ ಅನುದಾನ: ಹಣ ಇದ್ದೂ ಕೊಡಗಿನ ವಿಕಲಚೇತನರಿಗೆ ಸೌಲಭ್ಯ ದಕ್ಕದಿರುವುದೇಕೆ?

ಆರ್ಥಿಕ ವರ್ಷದ ಕೊನೆ ಹತ್ತಿರವಾದಂತೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಎರಡು ಬಗೆಯ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ವಿಕಲಚೇತನರಿಗೆ ಮೀಸಲಿಟ್ಟ ಶೇ 5ರ ಹಣವನ್ನು ಮಾರ್ಚ್ ಒಳಗೆ ಬಳಸಿ ಎಂದು ಅಧಿಕಾರಿಗಳು ಪಂಚಾಯಿತಿಗಳಿಗೆ ತಾಕೀತು ಮಾಡುವ ಸುದ್ದಿ ಒಂದು. ಅನುದಾನ ಸಾಲದೆ ವಿಶೇಷ ಶಾಲೆ ನಡೆಸುವುದು ಕಷ್ಟವಾಗಿದೆ, ಪುನರ್ವಸತಿ ಕಾರ್ಯಕರ್ತರ ಗೌರವಧನ ಹೆಚ್ಚಿಸಿ ಎಂಬ ಬೇಡಿಕೆಯ ಸುದ್ದಿ ಇನ್ನೊಂದು. ಓದುಗರಿಗೆ ಗೊಂದಲವಾಗುವುದು ಸಹಜ. ಹಣ ಇದೆಯೋ, ಇಲ್ಲವೋ? ಇದ್ದರೆ ಖರ್ಚಾಗದೆ ಉಳಿಯುವುದೇಕೆ? ಇಲ್ಲದಿದ್ದರೆ ಬಳಸಿ ಎಂದು ಗದರಿಸುವುದೇಕೆ?

ಅಧಿಕಾರಿಗಳು ಹೇಳುವುದೂ ನಿಜ, ಬೇಡಿಕೆ ಇಡುವವರು ಹೇಳುವುದೂ ನಿಜ. ಸುದ್ದಿಯಲ್ಲಿ ‘ಅನುದಾನ’ ಎಂದು ಒಂದೇ ಹೆಸರಿನಿಂದ ಕರೆಯುವ ಹಣ ಬೇರೆ ಬೇರೆ ಕಚೇರಿಗಳಿಂದ, ಬೇರೆ ಬೇರೆ ಷರತ್ತುಗಳೊಡನೆ ಬರುತ್ತದೆ. ಒಂದು ಕಡೆ ಉಳಿದದ್ದನ್ನು ಇನ್ನೊಂದು ಕಡೆಯ ಕೊರತೆಗೆ ಹರಿಸುವ ವ್ಯವಸ್ಥೆ ಇಲ್ಲ. ಕೊಡಗಿನಂಥ ಗುಡ್ಡಗಾಡು ಜಿಲ್ಲೆಯಲ್ಲಿ ಈ ಗೋಡೆಗಳು ಇನ್ನಷ್ಟು ಎತ್ತರವಾಗುತ್ತವೆ. ಕಾರಣಗಳನ್ನು ಒಂದೊಂದಾಗಿ ನೋಡಬೇಕು.

## ಹಣ ಬರುವ ದಾರಿಗಳು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿದ್ದರೆ ಹೊಸ ಕಾಯ್ದೆ 21ನ್ನು ಗುರುತಿಸಿತು. ಬಡತನ ನಿರ್ಮೂಲನೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಹಿಂದೆ ಶೇ 3ರಷ್ಟಿದ್ದ ಮೀಸಲನ್ನು ಅದರ 37ನೇ ಸೆಕ್ಷನ್ ಶೇ 5ಕ್ಕೆ ಏರಿಸಿತು. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರುವವರು ಇದಕ್ಕೆ ಅರ್ಹರು. ಅವರಲ್ಲಿಯೂ ಮಹಿಳೆಯರಿಗೆ ಆದ್ಯತೆ ಸಿಗಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿರಿಸಬೇಕು. ಜನರು ‘ಶೇ 5ರ ಅನುದಾನ’ ಎನ್ನುವುದು ಇದನ್ನೇ. ಇದು ಬೆಂಗಳೂರಿನಿಂದ ಬರುವ ಹಣವಲ್ಲ, ಊರಿನವರೇ ಕಟ್ಟಿದ ತೆರಿಗೆಯ ಒಂದು ಪಾಲು.

ಎರಡನೆಯದು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಹಣ. ಸಾಧನ ಸಲಕರಣೆ, ವಿದ್ಯಾರ್ಥಿವೇತನ, ಸ್ವಯಂ ಸೇವಾ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿಗೆ ಮಕ್ಕಳ ಸಂಖ್ಯೆಯ ಆಧಾರದಲ್ಲಿ ಕೊಡುವ ಶಿಶು ಕೇಂದ್ರಿತ ಸಹಾಯಧನ ಇವೆಲ್ಲ ಇಲ್ಲಿಂದ ಬರುತ್ತವೆ. ಮೂರನೆಯದು ಕೇಂದ್ರ ಸರ್ಕಾರದ ದೀನದಯಾಳ್ ಪುನರ್ವಸತಿ ಯೋಜನೆ. ವಿಶೇಷ ಶಾಲೆ, ಶೀಘ್ರ ಪತ್ತೆ ಕೇಂದ್ರ, ಮನೆ ಆಧಾರಿತ ಪುನರ್ವಸತಿಯಂಥ ಕೆಲಸಗಳಿಗೆ ಅದು ಯೋಜನಾ ವೆಚ್ಚದ ಶೇ 90ರವರೆಗೆ ಸಂಸ್ಥೆಗಳಿಗೆ ನೆರವು ಕೊಡುತ್ತದೆ. ಇದರ ಜೊತೆಗೆ ಸಂಸದರ ಮತ್ತು ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ. ನಿಗದಿತ ಮಿತಿ ಮೀರಿದ ದೊಡ್ಡ ಕಂಪನಿಗಳು 2013ರ ಕಾಯ್ದೆಯಂತೆ ಲಾಭದ ಶೇ 2ರಷ್ಟನ್ನು ವಿನಿಯೋಗಿಸಬೇಕಾದ ಸಾಮಾಜಿಕ ಹೊಣೆಗಾರಿಕೆಯ ನಿಧಿಯೂ ಇದೆ.

ಮೊದಲನೆಯದಕ್ಕೆ ಸಂಸ್ಥೆ ಬೇಕಿಲ್ಲ, ಫಲಾನುಭವಿಗಳ ಪಟ್ಟಿ ಇದ್ದರೆ ಸಾಕು. ಮೂರನೆಯದು ನೋಂದಾಯಿತ ಸಂಸ್ಥೆ ಇಲ್ಲದೆ ಬರುವುದೇ ಇಲ್ಲ. ಅದಕ್ಕೆ ಸೊಸೈಟಿ ಅಥವಾ ಟ್ರಸ್ಟ್ ನೋಂದಣಿ, ವಿಕಲಚೇತನರ ಕಾಯ್ದೆಯಡಿ ಪ್ರತ್ಯೇಕ ನೋಂದಣಿ, ಸ್ವಯಂ ಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆ, ಲೆಕ್ಕಪರಿಶೋಧನೆ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾದ ಸಿಬ್ಬಂದಿ ಎಲ್ಲವೂ ಬೇಕು. ಮಕ್ಕಳಿಗಾಗಿ ಏನಾದರೂ ಮಾಡೋಣ ಎಂದು ಹೊರಡುವ ಹತ್ತು ತಾಯಂದಿರ ಗುಂಪಿಗೆ ಈ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಊರಿನಲ್ಲಿ ಹಣ ಇದ್ದ ಕಡೆ ಕೆಲಸ ನಡೆಸುವ ಸಂಸ್ಥೆ ಇಲ್ಲ, ಸಂಸ್ಥೆ ಇದ್ದ ಕಡೆ ಹಣ ಸಾಲುವುದಿಲ್ಲ.

## ಕಾಫಿ ತೋಟದ ಊರಿನಲ್ಲಿ ಶೇ 5 ಎಂದರೆ ಎಷ್ಟು?

ಶೇ 5 ಎಂಬುದು ಎಲ್ಲ ಊರಿಗೂ ಒಂದೇ ಲೆಕ್ಕ ಎಂಬಂತೆ ಕೇಳಿಸುತ್ತದೆ. ಆದರೆ ಯಾವುದರ ಶೇ 5 ಎಂಬುದರಲ್ಲಿಯೇ ಎಲ್ಲವೂ ಅಡಗಿದೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ ತೆರಿಗೆ ಹಾಕಬಹುದು. ಕಾಫಿ ತೋಟ, ಕರಿಮೆಣಸಿನ ಬಳ್ಳಿ, ಗದ್ದೆ ಇವು ಆ ಬಲೆಗೆ ಬೀಳುವುದಿಲ್ಲ.

ಇದರ ಪರಿಣಾಮವನ್ನು ಕೊಡಗಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 135 ಜನರಿದ್ದರು. ರಾಜ್ಯದ ಸರಾಸರಿ 319. ಬೆಟ್ಟ, ತೋಟ, ಕಾಡು ಸೇರಿ ವಿಸ್ತಾರ ದೊಡ್ಡದು, ತೆರಿಗೆಗೆ ಸಿಗುವ ಕಟ್ಟಡ ಕಡಿಮೆ. ರೆಸಾರ್ಟ್ ಮತ್ತು ಹೋಂಸ್ಟೇಗಳು ಹೆಚ್ಚಿರುವ ಪಂಚಾಯಿತಿಗಳಿಗೆ, ಪೇಟೆಗೆ ತಾಗಿದ ಪಂಚಾಯಿತಿಗಳಿಗೆ ಒಂದಷ್ಟು ಆದಾಯ ಇರುತ್ತದೆ. ಗಡಿಭಾಗದ, ಕಾಡಂಚಿನ ಪಂಚಾಯಿತಿಗಳ ಕೈ ಬರಿದು. ನೆರವು ಹೆಚ್ಚು ಬೇಕಾಗಿರುವುದು ಎರಡನೆಯ ಬಗೆಯ ಊರಿನಲ್ಲಿ, ಶೇ 5ರ ಹಣ ಹೆಚ್ಚು ಇರುವುದು ಮೊದಲ ಬಗೆಯ ಊರಿನಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ಪಂಚಾಯಿತಿಯೊಂದರ ಸ್ವಂತ ಆದಾಯ ವರ್ಷಕ್ಕೆ 10 ಲಕ್ಷ ರೂಪಾಯಿ ಎಂದುಕೊಂಡರೆ ವಿಕಲಚೇತನರ ಪಾಲು 50 ಸಾವಿರ. ಊರಿನಲ್ಲಿ 50 ಮಂದಿ ಅರ್ಹರಿದ್ದರೆ ತಲೆಗೆ ಒಂದು ಸಾವಿರ. ಸಾವಿರ ರೂಪಾಯಿಯಲ್ಲಿ ಯಾರ ಬದುಕಿನಲ್ಲಿ ಏನು ಬದಲಾಗುತ್ತದೆ? ಎಲ್ಲರಿಗೂ ಸಮನಾಗಿ ಹಂಚಬೇಕೆಂದರೆ ಕೊಡಲು ಸಾಧ್ಯವಾಗುವುದು ಏನಾದರೊಂದು ಚಿಕ್ಕ ಸಾಮಾನು ಮಾತ್ರ. ಹಂಚಿಕೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಲೆಕ್ಕ ಮುಗಿಯುತ್ತದೆ. ಒಬ್ಬರಿಗೋ ಇಬ್ಬರಿಗೋ ದೊಡ್ಡ ಮೊತ್ತ ಕೊಟ್ಟರೆ ಉಳಿದವರ ಅಸಮಾಧಾನ ಎದುರಿಸಬೇಕು. ಸದಸ್ಯರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಮೊದಲ ದಾರಿಯೇ ಸಲೀಸು. ಅವರ ಮೇಲೆ ಹರಿಹಾಯುವ ಮೊದಲು ಈ ಗಣಿತವನ್ನು ನೋಡಬೇಕು.

## ಅಕ್ಟೋಬರ್‌ನಲ್ಲಿ ತಪ್ಪಿದ್ದು ಮಾರ್ಚ್‌ನಲ್ಲಿ ಸಿಗುವುದಿಲ್ಲ

ಹಣ ಕೊನೆಯ ಗಳಿಗೆಯವರೆಗೆ ಉಳಿಯುವುದಕ್ಕೆ ಇನ್ನೊಂದು ಕಾರಣ ಕ್ಯಾಲೆಂಡರಿನಲ್ಲಿದೆ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರ ಗಾಂಧಿ ಜಯಂತಿಯಿಂದ ಶುರುವಾಗುತ್ತದೆ. ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಬಂದ ಬೇಡಿಕೆ ಯೋಜನೆಯಲ್ಲಿ ಸೇರಬೇಕು, ಕ್ರಿಯಾಯೋಜನೆಗೆ ಅನುಮೋದನೆ ಸಿಗಬೇಕು, ಆಮೇಲೆ ಖರ್ಚು. ಆರಂಭದಲ್ಲಿ ಬೇಡಿಕೆ ದಾಖಲಾಗದಿದ್ದರೆ ಮಾರ್ಚ್‌ನಲ್ಲಿ ಹಣ ಮಾತ್ರ ಉಳಿದಿರುತ್ತದೆ, ಯೋಜನೆ ಇರುವುದಿಲ್ಲ. ಆಗ ಬೇಗ ಕೊಳ್ಳಬಹುದಾದದ್ದನ್ನು ಕೊಂಡು ಮುಗಿಸುತ್ತಾರೆ.

ಕೊಡಗಿನಲ್ಲಿ ಆ ತಿಂಗಳುಗಳಲ್ಲಿ ಏನು ನಡೆಯುತ್ತಿರುತ್ತದೆ? ಅಕ್ಟೋಬರ್ ಮುಗಿಯುತ್ತಿದ್ದಂತೆ ಅರೇಬಿಕಾ ಹಣ್ಣಾಗತೊಡಗುತ್ತದೆ. ಭತ್ತದ ಕೊಯ್ಲು ಬರುತ್ತದೆ. ಅದರ ಹಿಂದೆಯೇ ರೊಬಸ್ಟಾ. ಕೂಲಿ ಸಿಗುವ ಕಾಲ ಅದು. ವಿಕಲಚೇತನ ಮಗುವಿನ ತಾಯಿ ಒಂದು ದಿನದ ಕೂಲಿ ಬಿಟ್ಟು ಗ್ರಾಮಸಭೆಗೆ ಬಂದು ಕುಳಿತುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬಂದರೂ ಮಗುವನ್ನು ನೋಡಿಕೊಳ್ಳುವವರು ಯಾರು? ವಿಕಲಚೇತನರಿಗಾಗಿಯೇ ‘ಸಮನ್ವಯ ಗ್ರಾಮಸಭೆ’ ನಡೆಸುವ ಒಳ್ಳೆಯ ಪದ್ಧತಿ ರಾಜ್ಯದಲ್ಲಿದೆ. ಆದರೆ ಯೋಜನೆ ಅಂತಿಮವಾದ ಮೇಲೆ ನಡೆಯುವ ಸಮನ್ವಯ ಸಭೆಯಿಂದ ಮನವಿ ಪತ್ರಗಳ ಕಟ್ಟು ಬೆಳೆಯುತ್ತದೆಯೇ ಹೊರತು ಕ್ರಿಯಾಯೋಜನೆ ಬದಲಾಗುವುದಿಲ್ಲ.

ಈ ಸರಪಳಿಯಲ್ಲಿ ತುಂಬ ಮುಖ್ಯವಾದ ಕೊಂಡಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಹುಪಾಲು ಅವರೂ ವಿಕಲಚೇತನರೇ. ಪಂಚಾಯಿತಿಗೊಬ್ಬರು, ಗೌರವಧನದ ಮೇಲೆ ದುಡಿಯುವವರು. ಮನೆ ಮನೆ ಸುತ್ತಿ ಪಟ್ಟಿ ಮಾಡುವುದು, ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು, ಪಿಂಚಣಿ ನಿಂತರೆ ಓಡಾಡುವುದು ಅವರ ಕೆಲಸ. ಮೈಸೂರಿನ ಬಯಲಿನಲ್ಲಿ ಒಂದು ಬೆಳಗಿನಲ್ಲಿ ಮುಗಿಯುವ ಮನೆ ಭೇಟಿಗೆ ಇಲ್ಲಿನ ಗುಡ್ಡದ ಊರುಗಳಲ್ಲಿ ಇಡೀ ದಿನ ಬೇಕಾಗಬಹುದು. ತಾಲ್ಲೂಕು ಮಟ್ಟದಲ್ಲಿ ಅವರ ಕೆಲಸವನ್ನು ಜೋಡಿಸುವವರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದ ಕಾರಣ, ಪಂಚಾಯಿತಿಗಳ ಗಡಿ ಮೀರಿದ ವಿಷಯಗಳನ್ನು ಎತ್ತಬೇಕಾದ ಚುನಾಯಿತ ದನಿಯೂ ಅಲ್ಲಿ ಇಲ್ಲವಾಯಿತು.

## ಇಳಿಜಾರು ಕಟ್ಟುವ ಖರ್ಚು ಯಾರದು?

ಸಮುದಾಯದ ಕೆಲಸ ಎಂದೊಡನೆ ಎಲ್ಲರಿಗೂ ಹೊಳೆಯುವುದು ರ‍್ಯಾಂಪ್. ಪಂಚಾಯಿತಿ ಕಚೇರಿಗೆ, ಶಾಲೆಗೆ, ಗ್ರಂಥಾಲಯಕ್ಕೆ ಇಳಿಜಾರು ಕಟ್ಟಿದರೆ ಎಲ್ಲರಿಗೂ ಅನುಕೂಲ, ಆದ್ದರಿಂದ ಶೇ 5ರ ಹಣದಲ್ಲಿ ಅದನ್ನೇ ಮಾಡೋಣ ಎಂಬುದು ಒಂದು ವಾದ. ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ವಾದ ಇದೇ.

ಸಾರ್ವಜನಿಕ ಕಟ್ಟಡವನ್ನು ಎಲ್ಲರೂ ಪ್ರವೇಶಿಸುವಂತೆ ಕಟ್ಟುವುದು ಕಾಯ್ದೆಯ ಪ್ರಕಾರ ಕಟ್ಟಡದ ಒಡೆಯರ ಕರ್ತವ್ಯ. ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡಬಾರದು ಎನ್ನುತ್ತದೆ 44ನೇ ಸೆಕ್ಷನ್. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷಗಳ ಒಳಗೆ ಸರಿಪಡಿಸಬೇಕು ಎನ್ನುತ್ತದೆ 45ನೇ ಸೆಕ್ಷನ್. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಗಡುವು 2022ಕ್ಕೇ ಮುಗಿದಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಈ ಮಾನದಂಡಗಳನ್ನು ಬರೀ ಶಿಫಾರಸಿನ ಮಟ್ಟದಲ್ಲಿ ಇರಿಸಿದ್ದ 15ನೇ ನಿಯಮ ಕಾಯ್ದೆಯ ಆಶಯಕ್ಕೇ ವಿರುದ್ಧ ಎಂದಿತು. ಕಡ್ಡಾಯವಾಗಿ ಪಾಲಿಸಲೇಬೇಕಾದ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ಹೀಗಿರುವಾಗ ಪಂಚಾಯಿತಿ ಕಚೇರಿಯ ರ‍್ಯಾಂಪನ್ನು ವಿಕಲಚೇತನರ ಶೇ 5ರ ಹಣದಲ್ಲಿ ಕಟ್ಟಿದರೆ ಏನಾಗುತ್ತದೆ? ಕಚೇರಿಯ ಕರ್ತವ್ಯಕ್ಕೆ ವಿಕಲಚೇತನರು ಬೆಲೆ ತೆತ್ತಂತಾಗುತ್ತದೆ. ಬೇರೆಯವರು ಒಳಗೆ ಹೋಗಲು ಮೆಟ್ಟಿಲು ಕಟ್ಟುವಾಗ ಯಾವ ಮೀಸಲು ನಿಧಿಯನ್ನೂ ಮುಟ್ಟುವುದಿಲ್ಲ. ಮೆಟ್ಟಿಲು ಕಟ್ಟಡದ ಅಂದಾಜು ಪಟ್ಟಿಯಲ್ಲಿಯೇ ಇರುತ್ತದೆ. ರ‍್ಯಾಂಪ್ ಕೂಡ ಅಲ್ಲಿಯೇ ಇರಬೇಕು.

ಕೊಡಗಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಾಗುವುದಕ್ಕೆ ಕಾರಣ ನೆಲ. ಮಾನದಂಡದ ಪ್ರಕಾರ ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಮಳೆನೀರು ನುಗ್ಗದಂತೆ ಇಲ್ಲಿನ ಕಟ್ಟಡಗಳ ತಳಪಾಯವನ್ನು ಎತ್ತರಿಸಿ ಕಟ್ಟುತ್ತಾರೆ. ಗುಡ್ಡದ ಬದಿಯಲ್ಲಿದ್ದರೆ ಇನ್ನೂ ಎತ್ತರ. ಮೂರು ಅಡಿಯ ಪಾಯಕ್ಕೆ 36 ಅಡಿಯ ರ‍್ಯಾಂಪ್, ಅದರ ನಡುವೆ ತಿರುಗಲು ಮಟ್ಟಸವಾದ ಜಾಗ, ನಾಲ್ಕು ಅಡಿಯ ಅಗಲ, ಎರಡೂ ಬದಿಗೆ ಎರಡು ಎತ್ತರದಲ್ಲಿ ಕೈಹಿಡಿ. ರಸ್ತೆ ಒಂದು ಕಡೆ, ಇಳುಕಲು ಇನ್ನೊಂದು ಕಡೆ ಇರುವ ಕಚೇರಿಯ ಮುಂದೆ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಜಾಗ ಇದ್ದಷ್ಟರಲ್ಲಿ ಕಡಿದಾದ ಸಿಮೆಂಟಿನ ದಿಣ್ಣೆಯೊಂದನ್ನು ಎಬ್ಬಿಸಿ, ನಯವಾದ ಟೈಲ್ಸ್ ಹಾಕಿ, ಬಿಲ್ ಪಾಸು ಮಾಡಿಸುತ್ತಾರೆ. ಜೂನ್ ಬಂದರೆ ಅದರ ಮೇಲೆ ಪಾಚಿ. ಗಾಲಿ ಕುರ್ಚಿ ಅದನ್ನು ಹತ್ತಲಾರದು. ಊರುಗೋಲಿನವರು ಜಾರಿ ಬೀಳುತ್ತಾರೆ. ಕಾಗದದಲ್ಲಿ ಮಾತ್ರ ಕಟ್ಟಡ ವಿಕಲಚೇತನ ಸ್ನೇಹಿ. ಮಳೆನಾಡಿಗೆ ಮಾಡು ಇರುವ, ಒರಟು ಮೇಲ್ಮೈಯ, ಸರಿಯಾದ ಏರಿನ ಇಳಿಜಾರು ಬೇಕು. ಅದಕ್ಕೆ ತಗಲುವ ಖರ್ಚು 50 ಸಾವಿರದ ನಿಧಿಗೆ ನಿಲುಕುವಂಥದ್ದಲ್ಲ, ನಿಲುಕಬೇಕಾಗಿಯೂ ಇಲ್ಲ.

## ವ್ಯಕ್ತಿಗೋ, ಸಮುದಾಯಕ್ಕೋ?

ಹಾಗಾದರೆ ಶೇ 5ರ ಹಣ ಎಲ್ಲಿಗೆ ಹೋಗಬೇಕು? ಇಲ್ಲಿ ಎರಡು ನಿಲುವುಗಳಿವೆ, ಎರಡಕ್ಕೂ ಬಲವಾದ ಕಾರಣಗಳಿವೆ.

ವೈಯಕ್ತಿಕ ನೆರವೇ ಮುಖ್ಯ ಎನ್ನುವವರ ಮಾತು ಹೀಗಿದೆ: ಬಡವರಿಗೆ ಕೈಗೆ ಸಿಗುವುದೇ ನಿಜ. ಶ್ರವಣ ಸಾಧನ, ವೈದ್ಯಕೀಯ ವೆಚ್ಚ, ಹೊಲಿಗೆ ಯಂತ್ರ ಇವು ಆ ಮನೆಯಲ್ಲಿ ಉಳಿಯುತ್ತವೆ. ಸಮುದಾಯ ಕೇಂದ್ರ ಎಂದು ಕಟ್ಟಡ ಕಟ್ಟಿದರೆ ಬೀಗ ಬೀಳುತ್ತದೆ, ಗುತ್ತಿಗೆದಾರರಿಗೆ ಲಾಭವಾಗುತ್ತದೆ. ಬೀಗ ಬಿದ್ದ ಕಟ್ಟಡಗಳನ್ನು ಕಂಡ ಯಾರೂ ಈ ಮಾತನ್ನು ತಳ್ಳಿಹಾಕಲಾರರು.

ಸಾಮೂಹಿಕ ಕೆಲಸ ಬೇಕು ಎನ್ನುವವರು ಕೇಳುವುದು ಬೇರೆ. ಸಾಧನ ಕೊಟ್ಟ ಮೇಲೆ ಅದು ಕೆಟ್ಟರೆ ರಿಪೇರಿ ಎಲ್ಲಿ? ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಗುವಿಗೆ ಬೇಕಾದದ್ದು ವರ್ಷಕ್ಕೊಮ್ಮೆ ಸಿಗುವ ವಸ್ತುವಲ್ಲ, ವಾರ ವಾರವೂ ಸಿಗುವ ಫಿಸಿಯೊಥೆರಪಿ. ಕಿವಿ ಕೇಳದ ಯುವಕನಿಗೆ ಬೇಕಾದದ್ದು ಸಂಜ್ಞಾ ಭಾಷೆ ಬಲ್ಲ ನಾಲ್ಕು ಜನ. ಮಾನಸಿಕ ಅಸ್ವಸ್ಥತೆ ಇರುವವರ ಮನೆಯವರಿಗೆ ಬೇಕಾದದ್ದು ಕೆಲವು ಗಂಟೆಗಳ ಬಿಡುವು. ಇದಾವುದನ್ನೂ ಒಂದು ಮನೆಯವರು ಸಾವಿರ ರೂಪಾಯಿ ಕೊಟ್ಟು ಕೊಳ್ಳಲು ಆಗುವುದಿಲ್ಲ. ಹತ್ತಾರು ಮನೆಗಳು ಸೇರಿದರೆ ಮಾತ್ರ ಆಗುತ್ತದೆ.

ಎರಡನ್ನೂ ತೂಗಿ ನೋಡಿದರೆ ಜಗಳ ಇರುವುದು ವ್ಯಕ್ತಿಯ ಮತ್ತು ಸಮುದಾಯದ ನಡುವೆ ಅಲ್ಲ ಎನಿಸುತ್ತದೆ. ಸಾಧನ ಸಲಕರಣೆಗೆ ಕೇಂದ್ರದ ಅಡಿಪ್ ಯೋಜನೆ ಮತ್ತು ರಾಜ್ಯ ಇಲಾಖೆಯ ಯೋಜನೆಗಳು ಇವೆ. ಕಟ್ಟಡಕ್ಕೆ ಕಟ್ಟಡದ ಬಜೆಟ್ ಇದೆ. ಯಾವ ಇಲಾಖೆಯ ಖಾತೆಯಲ್ಲಿಯೂ ಸರಿಯಾಗಿ ಕೂರದೆ ಹೊರಗುಳಿಯುವುದು ಥೆರಪಿಸ್ಟ್‌ನ ಪ್ರಯಾಣದ ಖರ್ಚು, ಆರೈಕೆ ಮಾಡುವವರಿಗೆ ತರಬೇತಿ, ಸಂಜ್ಞಾ ಭಾಷೆಯ ತರಗತಿ, ಗುಂಪಿನ ಬಾಡಿಗೆ ಜೀಪು ಇಂಥವು. ಸಣ್ಣ ಮೊತ್ತದ, ಆದರೆ ತಪ್ಪದೆ ನಡೆಯಬೇಕಾದ ಖರ್ಚುಗಳು ಇವು. ಪಂಚಾಯಿತಿಯ ಹಣಕ್ಕೆ ಹೇಳಿ ಮಾಡಿಸಿದ ಕೆಲಸ ಇದು. ಐದಾರು ಪಂಚಾಯಿತಿಗಳು ತಮ್ಮ ಪಾಲನ್ನು ಒಂದೇ ಕೆಲಸಕ್ಕೆ ಜೋಡಿಸಿದರೆ ಮೂರು ಲಕ್ಷದ ಆಸುಪಾಸು ಆಗುತ್ತದೆ. ಆ ಹಣದಲ್ಲಿ ನಿಗದಿತ ದಿನ ನಿಗದಿತ ಊರಿಗೆ ಬರುವ ಸಂಚಾರಿ ಥೆರಪಿ ಸೇವೆಯನ್ನು ಯೋಚಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಇರುವ ಶಾಲೆಯ ಕೋಣೆಯೋ ಸಮುದಾಯ ಭವನವೋ ಸಾಕು. ಇಂಥ ಜೋಡಣೆಗೆ ಜಿಲ್ಲಾ ಪಂಚಾಯಿತಿಯ ಸ್ಪಷ್ಟ ಮಾರ್ಗಸೂಚಿ ಬೇಕು. ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಹೆದರಿ ಯಾವ ಅಧಿಕಾರಿಯೂ ತಾನಾಗಿ ಮೊದಲ ಹೆಜ್ಜೆ ಇಡುವುದಿಲ್ಲ.

## ತಲೆ ಎಣಿಸಿ ಕೊಡುವ ಹಣ, ಚದುರಿದ ಮನೆಗಳು

ಸಂಸ್ಥೆಗಳಿಗೆ ಸಿಗುವ ಅನುದಾನದ ತೊಡಕು ಬೇರೆಯೇ. ಶಿಶು ಕೇಂದ್ರಿತ ಸಹಾಯಧನವನ್ನು ಮಕ್ಕಳ ತಲೆ ಎಣಿಸಿ ಕೊಡುತ್ತಾರೆ. ಕೇಂದ್ರದ ಯೋಜನೆಯೂ ಫಲಾನುಭವಿಗಳ ಸಂಖ್ಯೆಯನ್ನು ನೋಡುತ್ತದೆ. ನಗರದಲ್ಲಿ ಒಂದೇ ಬಡಾವಣೆಯಿಂದ 30 ಮಕ್ಕಳು ಸಿಗಬಹುದು. ಇಲ್ಲಿ ಅಷ್ಟು ಮಕ್ಕಳನ್ನು ಕರೆತರಲು ವಾಹನ ಹತ್ತಾರು ಕಿಲೋಮೀಟರ್ ತೋಟದ ರಸ್ತೆಗಳಲ್ಲಿ ಸುತ್ತಬೇಕು. ತಲೆಗೆ ಸಿಗುವ ದುಡ್ಡು ಒಂದೇ, ತಲೆಗೆ ಬೀಳುವ ಡೀಸೆಲ್ ಖರ್ಚು ಹಲವು ಪಟ್ಟು. ವಿಕಲಚೇತನ ಮಕ್ಕಳಿಗಾಗಿ ದುಡಿಯುವ ಸುಂಟಿಕೊಪ್ಪದ ಸ್ವಸ್ಥ, ಪಾಲಿಬೆಟ್ಟದ ಚೆಷೈರ್ ಹೋಮ್‌ನಂಥ ಸಂಸ್ಥೆಗಳು ಜಿಲ್ಲೆಯಲ್ಲಿ ಇವೆ. ಇಂಥ ಕೇಂದ್ರಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ಒಳ್ಳೆಯ ಮನಸ್ಸಿನ ಕೊರತೆ ಕಾರಣವಲ್ಲ. ಸರ್ಕಾರದ ಹಣವನ್ನು ಮಾತ್ರ ನಂಬಿ ಇಲ್ಲಿ ಇನ್ನೊಂದು ಕೇಂದ್ರ ತೆರೆಯುವುದು ಲೆಕ್ಕಕ್ಕೆ ಸಿಗುವುದಿಲ್ಲ.

ಬಂದ ಹಣವೂ ಹೊತ್ತಿಗೆ ಬರುವುದಿಲ್ಲ. ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ, ಜಿಲ್ಲಾ ಮಟ್ಟದ ತಪಾಸಣಾ ವರದಿ, ರಾಜ್ಯದ ಶಿಫಾರಸು ಎಲ್ಲವನ್ನೂ ದಾಟಿ ಬರಬೇಕು. ಅಲ್ಲಿಯವರೆಗೆ ಶಿಕ್ಷಕರಿಗೆ ಸಂಬಳ ಕೊಡಬಲ್ಲ ಸಂಸ್ಥೆ ಮಾತ್ರ ಉಳಿಯುತ್ತದೆ. ಅಂದರೆ ಅನುದಾನ ಸಿಗಬೇಕಾದರೆ ಅನುದಾನ ಇಲ್ಲದೆ ವರ್ಷಗಟ್ಟಲೆ ನಡೆಯುವ ಶಕ್ತಿ ಇರಬೇಕು. ತರಬೇತಿ ಪಡೆದ ವಿಶೇಷ ಶಿಕ್ಷಕರು ಕಡಿಮೆ ಗೌರವಧನಕ್ಕೆ ಈ ಗುಡ್ಡದ ಊರುಗಳಲ್ಲಿ ನಿಲ್ಲುವುದೂ ಕಷ್ಟ.

ಪ್ರಯಾಣದ ಇನ್ನೊಂದು ಉದಾಹರಣೆ ನೋಡಿ. ಕೆಎಸ್‌ಆರ್‌ಟಿಸಿ ವಿಕಲಚೇತನರಿಗೆ ಕೊಡುವ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಅನ್ವಯಿಸುತ್ತದೆ. ವಾಕ್ ಮತ್ತು ಶ್ರವಣ ಸಮಸ್ಯೆ ಇರುವವರಿಗೆ ದೇಶಕ್ಕೇ ಹೆಸರಾದ ಸಂಸ್ಥೆ ಪಕ್ಕದ ಮೈಸೂರಿನಲ್ಲಿದೆ. ಕುಶಾಲನಗರದವರಿಗೆ ಅದು ಪಾಸಿನ ಒಳಗೆ ಬರುತ್ತದೆ. ಮಡಿಕೇರಿಯಿಂದ ಮೈಸೂರಿಗೆ 100 ಕಿಲೋಮೀಟರಿಗಿಂತ ಹೆಚ್ಚು ದೂರ, ಹಾಗಾಗಿ ಬರುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆಯವರಿಗಂತೂ ಇಲ್ಲವೇ ಇಲ್ಲ. ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಕಿವಿ ಕೇಳದ ಗಂಡು ಮಗನನ್ನು ಕರೆದುಕೊಂಡು ಹೋಗುವ ತಂದೆ ಪೂರ್ತಿ ಟಿಕೆಟ್ ಕೊಳ್ಳಬೇಕು. ರೈಲು ಈ ಜಿಲ್ಲೆಗೆ ಬಂದೇ ಇಲ್ಲ.

## ಲೈನ್ ಮನೆ, ಹಾಡಿ: ಪಟ್ಟಿಯ ಹೊರಗಿನವರು

ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳು ಖಾಸಗಿ ಜಮೀನಿನಲ್ಲಿವೆ. ಅಲ್ಲಿ ಪಂಚಾಯಿತಿ ತನ್ನ ಹಣದಿಂದ ಶೌಚಾಲಯಕ್ಕೆ ಕೈಹಿಡಿಯನ್ನೂ ಹಾಕಿಸಲಾರದು, ದಾರಿಯನ್ನೂ ಸಮ ಮಾಡಿಸಲಾರದು. ಮನೆ ತೋಟದ ಮಾಲೀಕರದು. ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಕುಟುಂಬಗಳ ಬಳಿ ಸ್ಥಳೀಯ ಪಡಿತರ ಚೀಟಿ ಇಲ್ಲದಿದ್ದರೆ ಫಲಾನುಭವಿ ಪಟ್ಟಿಯಲ್ಲಿಯೂ ಅವರ ಮಕ್ಕಳು ಇರುವುದಿಲ್ಲ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಇಡೀ ದೇಶಕ್ಕೆ ಒಂದೇ, ಆದರೆ ಪಂಚಾಯಿತಿಯ ಹಣ ಊರಿನ ವಿಳಾಸವನ್ನು ಕೇಳುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಕೊಡಗಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರಬಹುದಾದ ಜಾಗ ಇದು. ಪಂಚಾಯಿತಿ ಕಾಲಿಡಲಾಗದ ಕಡೆ ತೋಟದ ಕಂಪನಿ ಕಾಲಿಡಬಹುದು, ಇಡಬೇಕು.

ಆದಿವಾಸಿಗಳಾದ ಜೇನುಕುರುಬರು, ಯರವರು ವಾಸಿಸುವ ಹಾಡಿಗಳಲ್ಲಿ ತಡೆ ಬರುವುದು ಅರಣ್ಯ ಇಲಾಖೆಯಿಂದ. ಕಾಡಿನಲ್ಲಿ ರಸ್ತೆ ಮಾಡಬಾರದು, ಕಟ್ಟಡ ಕಟ್ಟಬಾರದು ಎಂಬ ಉತ್ತರಕ್ಕೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಅಂಗನವಾಡಿ, ಶಾಲೆ, ಔಷಧಾಲಯ, ರಸ್ತೆ, ಸಮುದಾಯ ಕೇಂದ್ರ ಸೇರಿ 13 ಬಗೆಯ ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಗ್ರಾಮಸಭೆಯ ಶಿಫಾರಸು ಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಹಾಡಿಯ ಅಂಗನವಾಡಿಯೇ ವಿಕಲಚೇತನ ಮಕ್ಕಳ ಥೆರಪಿಯ ಜಾಗವೂ ಆಗಬೇಕಾದರೆ ಈ ಸೆಕ್ಷನ್‌ನ ದಾರಿ ಹಿಡಿಯಬೇಕು. ವಿಕಲಚೇತನರ ಯೋಜನೆ ಮಾಡುವವರು ಅರಣ್ಯ ಹಕ್ಕಿನ ಕಡತವನ್ನು ತೆರೆದು ನೋಡುವುದು ಅಪರೂಪ.

ಗುರುತಿನ ಚೀಟಿಗೆ ಬೇಕಾದ, ವೈದ್ಯರು ಕೊಡುವ ನ್ಯೂನತೆಯ ಪ್ರಮಾಣಪತ್ರದ ಮಾತೂ ಇದೆ. ತಜ್ಞ ವೈದ್ಯರು ಹೆಚ್ಚಾಗಿ ಇರುವುದು ಮಡಿಕೇರಿಯಲ್ಲಿ. ಕುಟ್ಟದ ಕಡೆಯ ಹಾಡಿಯಿಂದ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಆ ದಿನ ವೈದ್ಯರು ಸಿಗದಿದ್ದರೆ ಇನ್ನೊಂದು ದಿನ. ಚೀಟಿ ಇಲ್ಲದವರು ಲೆಕ್ಕಕ್ಕೆ ಇಲ್ಲ, ಲೆಕ್ಕಕ್ಕೆ ಇಲ್ಲದವರಿಗೆ ಯೋಜನೆ ಇಲ್ಲ.

ಎಷ್ಟು ಜನರ ಮಾತು ಇದು? 2011ರ ಜನಗಣತಿಯಲ್ಲಿ ರಾಜ್ಯದ ವಿಕಲಚೇತನರು 13.24 ಲಕ್ಷ, ಅಂದರೆ ಜನಸಂಖ್ಯೆಯ ಸುಮಾರು ಶೇ 2.2. ಆಗ ಐದೂವರೆ ಲಕ್ಷ ಜನರಿದ್ದ ಕೊಡಗಿಗೆ ಅದೇ ಪ್ರಮಾಣ ಹಿಡಿದರೆ 12 ಸಾವಿರ. ಆ ಗಣತಿ ನಡೆದಾಗ 21 ನ್ಯೂನತೆಗಳ ಕಾಯ್ದೆ ಇರಲಿಲ್ಲ. ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಪಾರ್ಕಿನ್ಸನ್ ಇವೆಲ್ಲ ಆಗಿನ ಎಣಿಕೆಗೆ ಬಂದಿಲ್ಲ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಯೋಜನೆಗಳು ಹಳೆಯ ಅಂಕಿಗಳ ಮೇಲೆಯೇ ನಿಂತಿರುತ್ತವೆ.

## ಮಳೆಗಾಲಕ್ಕೆ ಮೊದಲು ಬೇಕಾದ ಪಟ್ಟಿ

2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದಾಗ ಕೊಡಗಿನ ಸಾವಿರಾರು ಜನರು ರಾತ್ರೋರಾತ್ರಿ ಮನೆ ಬಿಡಬೇಕಾಯಿತು. 2019ರಲ್ಲಿ ಮತ್ತೆ, 2020ರಲ್ಲಿ ತಲಕಾವೇರಿಯ ಬಳಿ ಮತ್ತೆ ಭೂಕುಸಿತವಾಯಿತು. ಓಡಿ ಪಾರಾಗಿ ಎಂಬ ಸೂಚನೆ ಓಡಲಾಗದವರಿಗೆ ಏನು ಹೇಳುತ್ತದೆ? ಧ್ವನಿವರ್ಧಕದ ಎಚ್ಚರಿಕೆ ಕಿವಿ ಕೇಳದವರಿಗೆ ತಲುಪುವುದಿಲ್ಲ. ಪರಿಹಾರ ಕೇಂದ್ರವಾಗಿ ಬಳಸುವ ಶಾಲೆಯ ಶೌಚಾಲಯಕ್ಕೆ ಗಾಲಿ ಕುರ್ಚಿ ಹೋಗದಿದ್ದರೆ ಆ ಕೇಂದ್ರ ಅವರ ಪಾಲಿಗೆ ಇನ್ನೊಂದು ಆಪತ್ತು. ಬುದ್ಧಿಮಾಂದ್ಯತೆ ಇರುವ ಮಗು ನೂರಾರು ಜನರ ಗದ್ದಲದಲ್ಲಿ ನಿದ್ದೆಗೆಟ್ಟು ಕೂಗಿಕೊಂಡರೆ ತಾಯಿ ಎಲ್ಲಿಗೆ ಹೋಗಬೇಕು?

ಕಾಯ್ದೆಯ 8ನೇ ಸೆಕ್ಷನ್ ಇದನ್ನು ನೇರವಾಗಿ ಹೇಳಿದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟುಕೊಳ್ಳಬೇಕು, ಅಪಾಯದ ಸೂಚನೆಯನ್ನು ಅವರಿಗೆ ತಲುಪಿಸಲು ಕ್ರಮ ಕೈಗೊಳ್ಳಬೇಕು. ಕೊಡಗಿಗೆ ಇದಕ್ಕಿಂತ ತುರ್ತಾದ ಸಮುದಾಯ ಯೋಜನೆ ಇನ್ನೊಂದಿಲ್ಲ ಎಂದೇ ನಾನು ಭಾವಿಸುತ್ತೇನೆ. ಇದಕ್ಕೆ ದೊಡ್ಡ ಹಣವೂ ಬೇಡ. ಯಾವ ಮನೆಯಲ್ಲಿ ಯಾರಿದ್ದಾರೆ, ಅವರನ್ನು ಎತ್ತಿಕೊಂಡು ಬರಲು ಎಷ್ಟು ಜನ ಬೇಕು, ಅವರಿಗೆ ಯಾವ ಮಾತ್ರೆ ತಪ್ಪಬಾರದು, ನೆರೆಯಲ್ಲಿ ಯಾರು ಹೊಣೆ ಎಂಬುದು ಪ್ರತಿ ಪಂಚಾಯಿತಿಯಲ್ಲಿಯೂ ಬರೆದಿರಬೇಕು. ಈ ಮಾಹಿತಿಯ ಬಹುಪಾಲು ಪುನರ್ವಸತಿ ಕಾರ್ಯಕರ್ತರ ತಲೆಯಲ್ಲಿ ಈಗಾಗಲೇ ಇದೆ. ಅದನ್ನು ಮಳೆಗಾಲದ ಸಿದ್ಧತಾ ಸಭೆಯ ಮೇಜಿನ ಮೇಲೆ ತರಬೇಕಾಗಿದೆ. ಜೊತೆಗೆ ಪ್ರತಿ ತಾಲ್ಲೂಕಿನಲ್ಲಿ ಕನಿಷ್ಠ ಒಂದು ಪರಿಹಾರ ಕೇಂದ್ರವನ್ನಾದರೂ ವಿಪತ್ತು ನಿರ್ವಹಣೆಯ ಹಣದಿಂದಲೇ ಸಜ್ಜುಗೊಳಿಸಬೇಕು. ಅಲ್ಲಿಯೂ ಶೇ 5ರ ನಿಧಿಗೆ ಕೈ ಹಾಕಬಾರದು.

## ಮುಂದೆ ಏನಾಗಬಹುದು

ಈಗಿನಂತೆಯೇ ನಡೆದರೆ ಹಣ ಪೂರ್ತಿ ಖರ್ಚಾದರೂ ಸ್ಥಿತಿ ಹೆಚ್ಚು ಬದಲಾಗುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಮಾರ್ಚ್‌ನ ಖರೀದಿ ಹೆಚ್ಚುತ್ತದೆ. ಸುಗಮ ಪ್ರವೇಶದ ಮಾನದಂಡಗಳು ಕಡ್ಡಾಯವಾದಷ್ಟೂ, ಕಟ್ಟಡ ಸರಿಪಡಿಸಲು ಶೇ 5ರ ಹಣವನ್ನೇ ತಿರುಗಿಸುವ ಆಸೆ ಬೆಳೆಯುತ್ತದೆ. ಸುಪ್ರೀಂ ಕೋರ್ಟಿನ ತೀರ್ಪಿನ ಅತಿ ವಿಪರ್ಯಾಸದ ಪರಿಣಾಮ ಅದಾಗಬಹುದು. ಆದ್ದರಿಂದ ಕಟ್ಟಡದ ವೆಚ್ಚವನ್ನು ಈ ನಿಧಿಯಿಂದ ಭರಿಸಬಾರದು ಎಂಬ ಸ್ಪಷ್ಟ ಆದೇಶ ಮೊದಲು ಬೇಕು.

ಪಂಚಾಯಿತಿಗಳು ಹಣ ಜೋಡಿಸಿದರೂ ಒಂದು ಅಪಾಯ ಉಳಿಯುತ್ತದೆ. ಜೋಡಿಸಿದ ಹಣ ಪೇಟೆಗೆ ಹತ್ತಿರದ ಊರಿನಲ್ಲಿ ಖರ್ಚಾಗಿ, ಬಿರುನಾಣಿಯವರೋ ತಿತಿಮತಿಯ ಹಾಡಿಯವರೋ ಮತ್ತೆ ಹಿಂದೆ ಉಳಿಯಬಹುದು. ಇದನ್ನು ತಡೆಯಬಲ್ಲವರು ವಿಕಲಚೇತನರ ಸ್ವಂತ ಗುಂಪುಗಳು. ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಸಾಮಾನ್ಯ ಸ್ವಸಹಾಯ ಸಂಘಕ್ಕೆ ಕನಿಷ್ಠ ಹತ್ತು ಮಹಿಳೆಯರು ಬೇಕು. ವಿಕಲಚೇತನರ ಸಂಘಕ್ಕೆ ಐದು ಮಂದಿ ಸಾಕು, ಗಂಡಸರೂ ಹೆಂಗಸರೂ ಒಟ್ಟಿಗೆ ಇರಬಹುದು. ಚದುರಿದ ಊರುಗಳ ಈ ಜಿಲ್ಲೆಗೆ ಇದು ತುಂಬ ಒಪ್ಪುವ ವಿನಾಯಿತಿ. ಐದು ಜನರ ಸಂಘಕ್ಕೆ ಕೇಂದ್ರದ ಶೇ 90ರ ಅನುದಾನ ಸಿಗುವುದಿಲ್ಲ. ಆದರೆ ಸಭೆಯಲ್ಲಿ ಒಂದು ನಡಾವಳಿ ಬರೆಸಲು, ಕಳೆದ ವರ್ಷದ ಲೆಕ್ಕ ಕೇಳಲು, ಥೆರಪಿಯ ವಾಹನ ಯಾವ ಊರಿನಲ್ಲಿ ನಿಲ್ಲಬೇಕೆಂದು ಹೇಳಲು ಐದು ಜನ ಸಾಕು.

ಸಮನ್ವಯ ಗ್ರಾಮಸಭೆಯ ದಿನಾಂಕವೂ ಬದಲಾಗಬೇಕು. ಯೋಜನಾ ಅಭಿಯಾನಕ್ಕೆ ಮೊದಲು, ಮಳೆ ಇಳಿದು ಕೊಯ್ಲು ಇನ್ನೂ ಶುರುವಾಗದ ಸೆಪ್ಟೆಂಬರ್ ಕೊನೆಯಲ್ಲಿ ಸಭೆ ನಡೆಯಬೇಕು. ಬರುವವರ ಜೀಪಿನ ಬಾಡಿಗೆಯನ್ನೂ ಸಂಜ್ಞಾ ಭಾಷೆಯ ಅನುವಾದಕರ ಸಂಭಾವನೆಯನ್ನೂ ಶೇ 5ರ ನಿಧಿಯ ಮೊದಲ ಖರ್ಚಾಗಿ ಬರೆಯಬೇಕು. ಕಳೆದ ವರ್ಷ ಯಾರಿಗೆ ಏನು ಕೊಟ್ಟರು, ಎಷ್ಟು ಉಳಿಯಿತು ಎಂಬ ಒಂದು ಪುಟದ ಲೆಕ್ಕವನ್ನು ಸಭೆಗೆ ವಾರ ಮೊದಲೇ ಪಂಚಾಯಿತಿ ಕಚೇರಿಯಲ್ಲಿ, ಅಂಗನವಾಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಅಂಟಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಒಂದು ಸುತ್ತೋಲೆ ಸಾಕು.